'ತಡೆಗೋಡೆ'ಯೋ 'ಒಡ್ಡೋ'?

ಗೆಳೆಯರೇ, ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು. ನಾನು ಚನ್ನಗಿರಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನ್ಯಾನೋ ಕಣಗಳ ಮೂಲಕ ಮಿದುಳಿಗೆ ಜೀನ್ ಕಳಿಸುವ ಚಿಕಿತ್ಸೆಯ ಬಗ್ಗೆ ಮಕ್ಕಳಿಗಾಗಿ ಎರಡು ಪುಟ ಬರೆದೆ. ಇಂಗ್ಲಿಷಿನ 'ಬ್ಲಡ್-ಬ್ರೇನ್ ಬ್ಯಾರಿಯರ್'ಗೆ 'ರಕ್ತ-ಮಿದುಳು ತಡೆಗೋಡೆ' ಅಂತ ಹಾಕಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಗೋಡೆ ಅಡ್ಡ ಇದ್ರೆ ಮಿದುಳಿಗೆ ರಕ್ತ ಹೋಗೋದು ಹೆಂಗೆ?"

ತಪ್ಪು ಅವಳದಲ್ಲ, ಪದದ್ದು. ಮಿದುಳಿನೊಳಗೆ ರಕ್ತ ಧಾರಾಳವಾಗಿ ಹರಿಯುತ್ತದೆ. ತಡೆ ಇರುವುದು ಅಲ್ಲಿನ ಸಣ್ಣ ರಕ್ತನಾಳಗಳ ಒಳಮೈಯಲ್ಲಿ. ಅಲ್ಲಿನ ಜೀವಕೋಶಗಳು ಸಂದಿ ಬಿಡದೆ ಒತ್ತಾಗಿ ಕೂಡಿಕೊಂಡಿವೆ. 1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಉಳಿದ ಅಂಗಗಳೆಲ್ಲ ಬಣ್ಣ ಹಿಡಿದವು, ಮಿದುಳಿಗೆ ಮಾತ್ರ ಹತ್ತಲಿಲ್ಲ. ಹಾಗಂತ ಏನೂ ಹೋಗುವುದಿಲ್ಲ ಅಂತಲ್ಲ. ಆಮ್ಲಜನಕ ಸಲೀಸಾಗಿ ಹಾಯುತ್ತದೆ, ಗ್ಲೂಕೋಸಿಗೆ ಅದರದೇ ದಾರಿ ಇದೆ.

ನಮ್ಮ ಸೂಳೆಕೆರೆ ಏರಿಯೂ ಹಾಗೆಯೇ ಅಲ್ವಾ? ನೀರು ನಿಲ್ಲಿಸುತ್ತದೆ, ಬೇಕಾದಷ್ಟನ್ನು ತೂಬಿನಲ್ಲಿ ಬಿಡುತ್ತದೆ. 'ಏರಿ' ಅಂತಲೇ ಬರೆಯೋಣ ಅಂದುಕೊಂಡೆ. ಆದರೆ ಪಕ್ಕದಲ್ಲಿ ರಕ್ತ ಬಂದರೆ 'ರಕ್ತ ಏರಿ' ಅಂತಾಗಿ, ಬಿಪಿ ಜಾಸ್ತಿಯಾದ ಹಾಗೆ ಕೇಳುತ್ತದೆ! ಅದಕ್ಕೇ 'ಮಿದುಳಿನ ಒಡ್ಡು' ಅನ್ನುವುದು ನನಗೆ ಹಿಡಿಸಿದೆ. ಹೊಲಕ್ಕೆ ಒಡ್ಡು ಹಾಕುವುದು ಇಲ್ಲಿನ ಮಕ್ಕಳಿಗೆ ಗೊತ್ತು.

ಇನ್ನೊಂದು ಪದ 'ಡೆಲಿವರಿ', ಜೀನ್ ಕಳಿಸುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆ ಅನ್ನುತ್ತಾರೆ. ನಮ್ಮೂರಲ್ಲಿ ಡೆಲಿವರಿ ಅಂದರೆ ಮೊದಲು ನೆನಪಾಗುವುದು ಹೆರಿಗೆ. 'ತಲುಪಿಸು' ಸರಿಯೇ, ಆದರೆ ಇಲ್ಲಿ ನಡೆಯುವ ಕೆಲಸ ಎರಡು. ಜೀನನ್ನು ಸುಮ್ನೆ ರಕ್ತಕ್ಕೆ ಬಿಟ್ಟರೆ ಕಿಣ್ವಗಳು ತುಂಡು ಮಾಡಿಬಿಡುತ್ತವೆ. ಅದಕ್ಕೆ ಕೊಬ್ಬಿನದೋ ಪಾಲಿಮರಿನದೋ ಕಣದೊಳಗೆ ಇಡುತ್ತಾರೆ. ಕಣದ ಮೈಗೆ ಕೆಲವರು ಟ್ರಾನ್ಸ್‌ಫೆರಿನ್ ಅಂಟಿಸುತ್ತಾರೆ. ಅದು ರಕ್ತದಲ್ಲಿ ಕಬ್ಬಿಣದಂಶ ಹೊರುವ ಪ್ರೋಟೀನು. ರಕ್ತನಾಳದ ಜೀವಕೋಶ ಅದರ ಗುರುತು ಹಿಡಿದು, ಕಣವನ್ನು ಪುಟ್ಟ ಚೀಲದಲ್ಲಿ ಒಳಗೆಳೆದುಕೊಂಡು ಆಚೆ ಬದಿಗೆ ಬಿಡುತ್ತದೆ. ಇದು ತೆಪ್ಪದಲ್ಲಿ ಹೊಳೆ ದಾಟಿಸಿದ ಹಾಗೆ. ಹಾಗಾಗಿ ಇದಕ್ಕೆ 'ದಾಟಿಸು'. ಅಲ್ಲಿಂದ ನರಕೋಶದ ಒಳಗೆ ಹೋಗಬೇಕಲ್ಲ, ಅದಕ್ಕೆ 'ಮುಟ್ಟಿಸು'. ಸುದ್ದಿ ಮುಟ್ಟಿಸು, ಬುತ್ತಿ ಮುಟ್ಟಿಸು ಅಂತ ನಾವು ದಿನಾ ಅನ್ನುತ್ತೇವೆ. ದಾಟಿದ್ದೆಲ್ಲ ಮುಟ್ಟುವುದಿಲ್ಲ, ಈ ವ್ಯತ್ಯಾಸ ಪದದಲ್ಲೇ ಕಾಣಬೇಕು ಅಂತ ನನ್ನ ಆಸೆ.

ನಿಮ್ಮ ಕಡೆ 'ಒಡ್ಡು' ಅಂದರೆ ಬರೀ ಹೊಲದ ಬದುವೋ, ನೀರಿಗೆ ಅಡ್ಡ ಕಟ್ಟಿದ್ದಕ್ಕೂ ಅನ್ನುತ್ತೀರೋ? ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ. ಸೋಮವಾರ ಆ ಹುಡುಗಿಗೆ ಹೊಸ ಹಾಳೆ ಕೊಡುತ್ತೇನೆ ಅಂತ ಹೇಳಿದ್ದೇನೆ.