ಆಕಾಶದ ಬೆಳಕು: ನೀವು ಕೇಳಿ, ತಾರಾಲಯದ ಮೇಡಂ ಹೇಳ್ತಾರೆ

ಹಾಸನ: ಮೇಡಂ, ನಿನ್ನೆ ಮುಸ್ಸಂಜೆ ರೈಲಿನ ಹಾಗೆ ಸಾಲಾಗಿ ಬೆಳಕು ಹೋಯ್ತು. ಏನದು?

ಮೇಡಂ: ಆಕಾಶದಿಂದಲೇ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಉಪಗ್ರಹಗಳಿರಬೇಕು. ಹಾರಿಸಿದ ಹೊಸದರಲ್ಲಿ ಒಂದರ ಹಿಂದೊಂದು ಸಾಗುತ್ತವೆ. ನಮಗೆ ಕತ್ತಲಾದರೂ ಅಷ್ಟೆತ್ತರದಲ್ಲಿ ಬಿಸಿಲಿರುತ್ತದೆ. ಅದಕ್ಕೇ ಹೊಳೆಯುತ್ತವೆ.

ತುಮಕೂರು: ನಮಗೂ ಸಾಲು ದೀಪ ಕಾಣಿಸಿತು. ಏನು ಮೇಡಂ?

ಮೇಡಂ: ಮೇಲೆ ಓದಿ.

ಬೀದರ್: ಮೇಡಂ, ಮೊನ್ನೆ ರಾತ್ರಿ ಬೆಂಕಿ ಚೂರುಚೂರಾಗಿ ಅಡ್ಡಡ್ಡ ಹೋಯ್ತು. ಸುಮಾರು ಒಂದು ನಿಮಿಷ ಕಂಡಿತು. ಬೆಳಿಗ್ಗೆ ನಮ್ಮ ಭಾವನಿಗೆ ಹೊಲದಲ್ಲಿ ಕರೀ ಗುಂಡು ಸಿಕ್ಕಿದೆ. ಮೈಗೆಲ್ಲ ದಾರ ಸುತ್ತಿದ ಹಾಗಿದೆ, ಒಂದು ಕಡೆ ಎಳೆ ಬಿಚ್ಚಿಕೊಂಡಿದೆ. ದನದ ಕೊಟ್ಟಿಗೆಯಲ್ಲಿಟ್ಟಿದ್ದಾರೆ. ಗುಜರಿಗೆ ಹಾಕಬಹುದಾ?

ಮೇಡಂ: ಬೇಡ! ಈಗಲೇ ಫೋನ್ ಮಾಡಿ, ಯಾರೂ ಮುಟ್ಟಬೇಡಿ ಅನ್ನಿ. ದನಗಳನ್ನು ಬೇರೆ ಕಡೆ ಕಟ್ಟಲಿ, ಗುಂಡನ್ನು ಕದಲಿಸಬಾರದು. ಉಲ್ಕೆ ಸಾಮಾನ್ಯವಾಗಿ ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ನಿಧಾನಕ್ಕೆ ಒಡೆಯುತ್ತಾ ಅಡ್ಡ ಹೋಯಿತು ಅಂದರೆ ರಾಕೆಟ್ಟಿನದೋ ಉಪಗ್ರಹದ್ದೋ ಅವಶೇಷ ವಾಪಸ್ ಬಿದ್ದಿರಬೇಕು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದಲ್ಲೂ ಹೀಗೇ ಕಂಡಿತ್ತು. ಉಲ್ಕೆ ಅಂತಲೇ ಸುದ್ದಿಯಾಯಿತು. ಆಮೇಲೆ ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ಕಡೆ ದೊಡ್ಡ ಲೋಹದ ಬಳೆ, ಗುಂಡುಗಳು ಸಿಕ್ಕವು. ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಭಾಗ ಎಂದರು ಬಲ್ಲವರು.

ನೀವು ಹೇಳಿದ ದಾರ ಕಾರ್ಬನ್ ಎಳೆ ಇರಬಹುದು. ಒತ್ತಡದಲ್ಲಿ ಅನಿಲ ತುಂಬಿಡುವ ಟ್ಯಾಂಕಿಗೆ ಹಾಗೆ ಸುತ್ತಿರುತ್ತಾರೆ. ಬಿದ್ದಾಗ ಖಾಲಿಯೇ ಇರಬಹುದು. ಆದರೆ ಕೆಲವು ಟ್ಯಾಂಕುಗಳಲ್ಲಿ ಹೈಡ್ರಜೀನ್ ಇಂಧನ ಇರುತ್ತದೆ, ಅದು ವಿಷ. ಹೊರಗಿಂದ ನೋಡಿ ಯಾವುದು ಅಂತ ಹೇಳಲಾಗದು. ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲಿ. ಕಣ್ಣುರಿ, ಕೆಮ್ಮು ಇದ್ದರೆ ಆಸ್ಪತ್ರೆಗೆ ಹೋಗಲಿ. ಪೊಲೀಸರಿಗೆ ತಿಳಿಸಿ. ಮಾರುವ ಮಾತೇ ಇಲ್ಲ, ಅದು ಹಾರಿಸಿದ ದೇಶದ ಸ್ವತ್ತು.

ಮಂಡ್ಯ: ಅರಿಶಿನ, ಹುಣಸೆ ನೀರಲ್ಲಿ ತೊಳೆದರೆ ವಿಕಿರಣ ಹೋಗುತ್ತಂತೆ. ಫಾರ್ವರ್ಡ್ ಬಂದಿದೆ.

ಮೇಡಂ: ಹುಣಸೆ ಸಾರಿಗಿರಲಿ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಮಂಡ್ಯ: ಇವತ್ತು ರಾತ್ರಿ ಕಾಸ್ಮಿಕ್ ಕಿರಣ ಬರುತ್ತೆ, ಮೊಬೈಲ್ ಆಫ್ ಮಾಡಿ ಅಂತ ನಾಸಾನೇ ಹೇಳಿದೆಯಂತೆ?

ಮೇಡಂ: ನಾಸಾ ಹೇಳಿಲ್ಲ. ನೀವಾದರೂ ಆಫ್ ಮಾಡಿ, ಪುಣ್ಯ ಬರುತ್ತೆ.

ಮೈಸೂರು: ಫೋನಲ್ಲಿ ನಕ್ಷತ್ರದ ಫೋಟೋ ತೆಗೆಯೋದು ಹೇಗೆ?

ಹಾಸನ: ಸ್ಟಾರ್‌ಲಿಂಕ್‌ನಿಂದ ಆಕಾಶ ಹಾಳಾಯ್ತು. ಯಾವ ಫೋಟೋ ತೆಗೆದರೂ ಗೀರು.

ಸಾಗರ: ನಮ್ಮೂರಲ್ಲಿ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ನಿಮಗೆ ಫೋಟೋ ಚಿಂತೆ.

ಹಾಸನ: ಟವರ್ ಕೇಳಿ ಸ್ವಾಮಿ, ಆಕಾಶ ಯಾಕೆ?

ಸಾಗರ: ಕೇಳಿ ಕೇಳಿ ಸಾಕಾಗಿದೆ. ಬಂದು ಒಂದು ವಾರ ಇದ್ದು ನೋಡಿ.

ತುಮಕೂರು: ಸಾಲು ದೀಪ ಏನು ಅಂತ ಯಾರಾದ್ರೂ ಹೇಳ್ತೀರಾ?

ಮೇಡಂ: ಜಗಳ ಆಮೇಲೆ. ಬೀದರ್‌ನವರೇ, ಫೋನ್ ಮಾಡಿದಿರಾ?

ಬೀದರ್: ಮಾಡಿದೆ ಮೇಡಂ. ದನ ಹೊರಗೆ ಕಟ್ಟಿದಾರೆ. ಆದರೆ ಅರ್ಧ ಊರು ಸೆಲ್ಫಿಗೆ ಕೊಟ್ಟಿಗೆಯೊಳಗಿದೆ.

ಮೇಡಂ: ಎಲ್ಲರನ್ನೂ ಆಚೆ ಕಳಿಸಿ. ಪೊಲೀಸರು ಬರುವ ತನಕ ಬಾಗಿಲು ಹಾಕಿಡಿ.