ಬಿಕಾಂ ಓದುವ ಮಗಳಿಗೆ ಮಡಚುವ ಲ್ಯಾಪ್‌ಟಾಪೋ, ಟ್ಯಾಬೋ?

ಪ್ರಶ್ನೆ: ನಮಸ್ಕಾರ ಸರ್. ನಾವು ಧಾರವಾಡದವರು. ಮಗಳು ಹುಬ್ಬಳ್ಳಿಯಲ್ಲಿ ಬಿಕಾಂ ಸೇರಿದ್ದಾಳೆ, ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಪೆನ್ನಿನಿಂದ ಸ್ಕ್ರೀನ್ ಮೇಲೇ ನೋಟ್ಸ್ ಬರೆಯುವ ಆಸೆ. ಸ್ಕ್ರೀನ್ ಪೂರ್ತಿ ಹಿಂದಕ್ಕೆ ಮಡಚುವ ಕನ್ವರ್ಟಿಬಲ್ ಲ್ಯಾಪ್‌ಟಾಪ್ ಬೇಕು ಅಂತಾಳೆ. ಅವರಪ್ಪ ಟ್ಯಾಬ್ ಸಾಕು ಅಂತಾರೆ. ಹೆಚ್ಚೆಂದರೆ 50 ಸಾವಿರ ಹಾಕಬಹುದು. ಯಾವುದು ತಗೊಳ್ಳೋಣ?

ಉತ್ತರ (ಲ್ಯಾಪ್‌ಟಾಪ್ ರಿಪೇರಿಯವರು, ಹುಬ್ಬಳ್ಳಿ): ಅಕ್ಕಾವರೆ, ಬಿಕಾಂ ಅಂದರೆ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಕಲಿಯಲೇಬೇಕಲ್ವಾ? ಅದು ವಿಂಡೋಸ್‌ನದು. ಆಂಡ್ರಾಯ್ಡ್ ಟ್ಯಾಬಿಗಾಗಲಿ ಐಪ್ಯಾಡಿಗಾಗಲಿ ಹಾಕಿಕೊಳ್ಳಲು ಬರುವುದಿಲ್ಲ. ಎಕ್ಸೆಲ್ ಏನೋ ಟ್ಯಾಬಿನಲ್ಲೂ ಇದೆ, ಆದರೆ ಮ್ಯಾಕ್ರೋ (ಮಾಡಿದ್ದೇ ಕೆಲಸವನ್ನು ತಾನೇ ಮಾಡುವ ಸಣ್ಣ ಪ್ರೋಗ್ರಾಮ್) ಓಡುವುದಿಲ್ಲ.

ಹಾಗಂತ ಕನ್ವರ್ಟಿಬಲ್‌ಗೆ ಜೈ ಅನ್ನುತ್ತಿಲ್ಲ. ನನ್ನ ಟೇಬಲ್ಲಿಗೆ ಬರುವ ಇಂಥ ಲ್ಯಾಪ್‌ಟಾಪ್‌ಗಳ ರೋಗವೆಲ್ಲ ಜಾಸ್ತಿ ಹಿಂಜ್‌ನಲ್ಲೇ, ಅಂದರೆ ಸ್ಕ್ರೀನ್ ಮಡಚುವ ಕೀಲಿನಲ್ಲೇ. ಡಿಸ್‌ಪ್ಲೇ ಕೇಬಲ್ ಅದರ ಪಕ್ಕದಿಂದಲೇ ಹಾದಿರುತ್ತದೆ. ಅವಸರದಲ್ಲಿ ಒಂದೇ ಮೂಲೆ ಹಿಡಿದು ಎಳೆದೆಳೆದು, ಕಡೆಗೆ ಸ್ಕ್ರೂ ಬುಡಸಮೇತ ಕಿತ್ತು ಬರುತ್ತದೆ. ಗಾಜು, ಟಚ್, ಡಿಸ್‌ಪ್ಲೇ ಮೂರನ್ನೂ ಅಂಟಿಸಿಬಿಟ್ಟಿರುತ್ತಾರೆ. ಗಾಜೊಂದೇ ಸೀಳಿದರೂ ಪೂರ್ತಿ ಬದಲಿಸಬೇಕು. ಬಹಳಷ್ಟು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸೋಣ ಅಂದರೆ ಆಗದು. ತೂಕ ಒಂದೂವರೆ ಕಿಲೋ ಆಸುಪಾಸು. ಮಡಚಿ ಕೈಯಲ್ಲಿ ಹಿಡಿದು ಓದುತ್ತೇನೆ ಅಂದರೆ ದಾರಿಯಲ್ಲಿ ನವಲೂರು ಬರುವುದರೊಳಗೆ ಕೈ ಸೋಲುತ್ತದೆ. 11 ಇಂಚಿನ ಟ್ಯಾಬ್ ಸುಮಾರು ಅರ್ಧ ಕಿಲೋ.

ಒಂದೇ ಒಂದು ತಗೊಳ್ಳುವುದಾದರೆ ಮಾಮೂಲಿ ಲ್ಯಾಪ್‌ಟಾಪ್ ತಗೊಳ್ಳಿ. ನೋಟ್ಸಿಗೆ ನೋಟ್‌ಬುಕ್ಕೇ ಇದೆ.

ಪ್ರಶ್ನೆ ಕೇಳಿದವರು: ಸರ್, ಅವರಪ್ಪನ ಅಂಗಡಿ ಲೆಕ್ಕಕ್ಕೆ ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ. ಟ್ಯಾಲಿ ಅದರಲ್ಲಿದೆ. ವಿಂಡೋಸ್ 10.

ಉತ್ತರ: ಇದನ್ನ ಮೊದಲೇ ಹೇಳಬೇಕಿತ್ತಲ್ರೀ! ಹಾಗಾದರೆ ಅವರಪ್ಪ ಹೇಳಿದ್ದೇ ಸರಿ, ಟ್ಯಾಬೇ ತಗೊಳ್ಳಿ. ಟ್ಯಾಲಿ ಮನೆಯಲ್ಲಿ ಕಲಿಯಲಿ, ಓದು-ಬರಹ ಟ್ಯಾಬಿನಲ್ಲಿ. ಆದರೆ ಅಂಗಡಿಯ ಲೆಕ್ಕದಲ್ಲಿ ಅಭ್ಯಾಸ ಮಾಡಿಸಬೇಡಿ. ಟ್ಯಾಲಿಯೊಳಗೇ ಬೇರೆ ಹೆಸರಿನಲ್ಲಿ ಒಂದು ಕಂಪನಿ ಕ್ರಿಯೇಟ್ ಮಾಡಿಕೊಳ್ಳಲಿ. ಇಲ್ಲದಿದ್ದರೆ ಜಿಎಸ್‌ಟಿ ತುಂಬುವ ಹೊತ್ತಿಗೆ ಅಪ್ಪ-ಮಗಳ ಜಗಳ ಬಿಡಿಸುವ ಕೆಲಸ ನಿಮ್ಮದೇ. ಇನ್ನೊಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಸುರಕ್ಷತೆಯ ದೃಷ್ಟಿಯಿಂದ ಆ ಡೆಸ್ಕ್‌ಟಾಪ್‌ನಲ್ಲಿ ಬ್ಯಾಂಕಿನ ವ್ಯವಹಾರ ಬೇಡ.

ಪೆನ್ನಿನ ವಿಷಯದಲ್ಲಿ ಮೋಸ ಹೋಗಬೇಡಿ. ತುದಿಗೆ ರಬ್ಬರ್ ಇರುವ ಅಗ್ಗದ ಪೆನ್ನು ಸುಮ್ನೆ ಬೆರಳಿದ್ದಂತೆ. ಅಂಗೈ ತಾಗಿದರೂ ಗೀಟು ಬೀಳುತ್ತದೆ. ಆ ಟ್ಯಾಬಿಗೇ ಅಂತ ಮಾಡಿದ ಪೆನ್ನು ಬೇಕು. ಬಾಕ್ಸಿನಲ್ಲೇ ಬರುತ್ತದಾ, ಬೇರೆ ದುಡ್ಡಾ, ಮೊದಲೇ ಕೇಳಿ. ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಅಂಗೈ ಊರಿ ‘ಸ್ತ್ರೀ’, ‘ಲಕ್ಷ್ಮಿ’ ಅಂತ ಸಣ್ಣಕ್ಷರದಲ್ಲಿ ಬರೆದು ನೋಡಲಿ. ಒತ್ತಕ್ಷರ ಕಲಸಿಹೋದರೆ ಬೇರೆಯದು ನೋಡಿ.

ಇನ್ನೊಬ್ಬ ಸದಸ್ಯರು: ಸರ್, ಗದಗದಲ್ಲಿ ನಮ್ಮದು ಡಿಟಿಪಿ ಕೆಲಸ. ನನಗೂ ಟ್ಯಾಬ್ ಆಗುತ್ತದಾ? ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರ್ ಬೇಕು.

ಉತ್ತರ: ಇಲ್ಲ ಸರ್, ನಿಮಗೆ ವಿಂಡೋಸ್ ಲ್ಯಾಪ್‌ಟಾಪೇ. ಟ್ಯಾಬಿನಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತದೆ. ಆದರೆ ನಿಮ್ಮ ಹಳೇ ನುಡಿ ಫೈಲು ಯೂನಿಕೋಡ್‌ನದಲ್ಲ, ತೆರೆದರೆ ಲಗ್ನಪತ್ರಿಕೆಯ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಾಣುತ್ತವೆ.