ಅಪ್‌ಡೇಟ್: ಫಂಕ್ಷನ್ ಮ್ಯಾಚ್ ಆಯಿತು, ಸ್ಟ್ಯಾಕ್ ಸಹಿತ

ಇದು ಡೀಕಂಪೈಲೇಶನ್ ಕೆಲಸ: ಹಳೆಯ ಆಟದ ಯಂತ್ರಭಾಷೆಯಿಂದ ಸಿ ಕೋಡ್ ಮರಳಿ ಬರೆಯುವುದು. ಅದನ್ನು ಕಂಪೈಲ್ ಮಾಡಿದಾಗ ಮೂಲದ್ದೇ ಬೈಟ್‌ಗಳು ಬಂದರೆ ‘ಮ್ಯಾಚ್’. ಮೊದಲು ಕೇಳಿದ್ದು ಇಷ್ಟು: ನಿಂಟೆಂಡೊ 64 ಆಟ, ಐಡಿಒ 7.1 ಕಂಪೈಲರ್, ಆಪ್ಟಿಮೈಸೇಶನ್ ಮಟ್ಟ ಓ2. ಒಂದು ಫಂಕ್ಷನ್‌ನಲ್ಲಿ ಇನ್‌ಸ್ಟ್ರಕ್ಷನ್‌ಗಳೆಲ್ಲ ಸರಿ, ಆದರೆ ಎರಡು ರಿಜಿಸ್ಟರ್ (ಪ್ರೊಸೆಸರ್ ಒಳಗೆ ಬೆಲೆ ಇಡುವ ಜಾಗ) ಅದಲುಬದಲು. ಜೊತೆಗೆ ಸ್ಟ್ಯಾಕ್ ಫ್ರೇಮ್ (ಫಂಕ್ಷನ್ ತನ್ನ ಬಳಕೆಗೆ ಪಡೆಯುವ ಮೆಮೊರಿ) 8 ಬೈಟ್ ಚಿಕ್ಕದು.

ಎರಡೂ ಬಗೆಹರಿದವು. ರಿಜಿಸ್ಟರ್ ತಪ್ಪಿಗೆ ಕಾರಣ, ಅಸೆಂಬ್ಲಿಯಿಂದ ಸಿ ಕೋಡ್ ಹೊರಡಿಸುವ ಎಂ2ಸಿ ಎಂಬ ಟೂಲ್ ಕೊಟ್ಟ ಕರಡು. ಅದು ಮಧ್ಯಂತರ ಬೆಲೆಗಳಿಗೆಲ್ಲ ಟೆಂಪ್ (ತಾತ್ಕಾಲಿಕ) ವೇರಿಯಬಲ್ ಹುಟ್ಟಿಸುತ್ತದೆ. ವೇರಿಯಬಲ್‌ಗೆ ಮತ್ತು ಹೆಸರಿಲ್ಲದ ಎಕ್ಸ್‌ಪ್ರೆಷನ್‌ಗೆ ಐಡಿಒ ರಿಜಿಸ್ಟರ್ ಹಂಚುವ ರೀತಿಯೇ ಬೇರೆ. ಒಂದು ಟೆಂಪ್ ತೆಗೆದು ಪಾಯಿಂಟರ್ ಓದುವಿಕೆಯನ್ನು ನೇರವಾಗಿ ಷರತ್ತಿನೊಳಗೆ ಬರೆದ ಕೂಡಲೇ ಎರಡೂ ರಿಜಿಸ್ಟರ್ ತಮ್ಮ ಜಾಗಕ್ಕೆ ಬಂದವು.

ಸ್ಟ್ಯಾಕ್ ವಿಷಯ ಹೆಚ್ಚು ಮುಖ್ಯ. ಘೋಷಿಸಿದ ಲೋಕಲ್ ವೇರಿಯಬಲ್ ಬಳಕೆಯಾಗದಿದ್ದರೂ ಐಡಿಒ ಅದಕ್ಕೆ ಸ್ಟ್ಯಾಕ್‌ನಲ್ಲಿ ಜಾಗ ಕಾದಿರಿಸುತ್ತದೆ. ಫ್ರೇಮ್ 8ರ ಗುಣಕಕ್ಕೆ ಏರುವುದರಿಂದ 8 ಬೈಟ್ ವ್ಯತ್ಯಾಸ ಎಂದರೆ ಬಿಟ್ಟುಹೋದ ವೇರಿಯಬಲ್ ಒಂದೇ ಇರಬಹುದು, ಎರಡೂ ಇರಬಹುದು. ಇಲ್ಲಿ 4 ಬೈಟಿನ ಒಂದು ಪ್ಯಾಡ್ (ಜಾಗ ತುಂಬಲೆಂದೇ ಘೋಷಿಸಿದ, ಬಳಕೆಯಾಗದ ವೇರಿಯಬಲ್) ಸಾಕಾಯಿತು. ಆದರೆ ಘೋಷಣೆಯ ಕ್ರಮವೂ ಲೆಕ್ಕಕ್ಕೆ ಬರುತ್ತದೆ: ಪ್ಯಾಡ್ ತಪ್ಪು ಸಾಲಿನಲ್ಲಿದ್ದರೆ ಫ್ರೇಮ್ ಗಾತ್ರ ಸರಿಹೋಗಿ, ಒಳಗೆ ವೇರಿಯಬಲ್‌ಗಳು ಕೂರುವ ಸ್ಥಾನಗಳು (ಆಫ್‌ಸೆಟ್‌ಗಳು) ಕೆಡುತ್ತವೆ. 2021ರಲ್ಲಿ ಪೂರ್ಣಗೊಂಡ ಒಕರೀನಾ ಆಫ್ ಟೈಮ್ ಡೀಕಂಪೈಲೇಶನ್‌ನಲ್ಲಿ ಇಂಥ ಪ್ಯಾಡ್‌ಗಳು ಧಾರಾಳ. ನೋಡಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಪರ್ಮ್ಯೂಟರ್ (ಕೋಡನ್ನು ಯಾದೃಚ್ಛಿಕವಾಗಿ ಬದಲಿಸುತ್ತಾ ಮ್ಯಾಚ್ ಹುಡುಕುವ ಟೂಲ್) ಓಡಿಸುವವರಿಗೆ ಒಂದು ಮಾತು. ಸ್ಕೋರ್ 0, ಅಂದರೆ ವ್ಯತ್ಯಾಸವಿಲ್ಲ ಎಂದು ಬಂದರೂ ನಂಬಬೇಡಿ. ಸ್ಟ್ಯಾಕ್ ವ್ಯತ್ಯಾಸವನ್ನು ಅದು ತಾನಾಗಿ ಎಣಿಸುವುದಿಲ್ಲ, ಅದಕ್ಕೆ ಬೇರೆ ಆಯ್ಕೆ ಕೊಡಬೇಕು. ಅದು ತುರುಕುವ ಅರ್ಥವಿಲ್ಲದ ವೇರಿಯಬಲ್‌ಗಳನ್ನೂ ಕಿತ್ತು, ಮನುಷ್ಯರು ಬರೆದಂತೆ ಕಾಣುವ ಸಿ ಕೋಡ್ ಮಾಡಿದ ಮೇಲೆಯೇ ಪುಲ್ ರಿಕ್ವೆಸ್ಟ್ (ಪ್ರಾಜೆಕ್ಟ್‌ಗೆ ಕೋಡ್ ಸೇರಿಸುವ ಕೋರಿಕೆ) ಕಳಿಸಿ. ಅದಕ್ಕೂ ಮುನ್ನ ಇಡೀ ರಾಮ್ (ROM, ಆಟದ ಪೂರ್ಣ ಫೈಲ್) ಬಿಲ್ಡ್ ಮಾಡಿ, ಅದರ ಚೆಕ್‌ಸಮ್ (ಫೈಲ್‌ನ ಗುರುತಿನ ಸಂಖ್ಯೆ) ಮೂಲದ್ದರೊಂದಿಗೆ ಹೋಲಿಸಿ.